ಎರಡನೆಯ ಕಲಿಕೆಯ ಖರ್ಚು: ಹೇರಿನ ಎತ್ತಿನಿಂದ ಬ್ಯಾಂಕ್ ಸಾಲದವರೆಗೆ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿರುವ ಸೂರಗೊಂಡನಕೊಪ್ಪ ಬಂಜಾರರ ಪುಣ್ಯಕ್ಷೇತ್ರ. 1739ರ ಫೆಬ್ರವರಿ 15ರಂದು ಸಂತ ಸೇವಾಲಾಲರು ಇಲ್ಲಿ ಜನಿಸಿದರೆಂಬುದು ಸಮುದಾಯದ ನಂಬಿಕೆ. ಭಾಯಾಗಡ ಎಂದೂ ಕರೆಯಲಾಗುವ ಈ ಸ್ಥಳಕ್ಕೆ ಪ್ರತಿ ವರ್ಷ ಫೆಬ್ರವರಿಯಲ್ಲಿ ನೆರೆ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಕೊಪ್ಪದ ಭಕ್ತಿಪರಂಪರೆ ಬಹಳ ಮಂದಿಗೆ ಗೊತ್ತು. ಆದರೆ ಇಲ್ಲಿಗೆ ಬರುವ ಜನರ ಹಿರಿಯರು ಒಂದು ದೊಡ್ಡ ಆರ್ಥಿಕ ಇತಿಹಾಸಕ್ಕೂ ವಾರಸುದಾರರು. ಅದು ಇಡೀ ಸಮುದಾಯವೊಂದು ನಡುದಾರಿಯಲ್ಲಿ ಕಸುಬು ಬದಲಿಸಬೇಕಾಗಿ ಬಂದ ಇತಿಹಾಸ.

ವಿದ್ಯಾರ್ಥಿ ಮಿತ್ರರೆ, ಇಂದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಒಂದು ಕಸುಬನ್ನು ಕಲಿತು, ಅದರಲ್ಲಿ ಅರ್ಧ ಆಯುಸ್ಸು ಕಳೆದ ಮೇಲೆ ಇನ್ನೊಂದನ್ನು ಕಲಿಯಬೇಕಾಗಿ ಬಂದರೆ ಅದರ ಖರ್ಚನ್ನು ಯಾರು ಕೊಡುತ್ತಾರೆ? ಕೈಯಲ್ಲಿ ಆಗಲೇ ಒಂದು ಪದವಿ ಇದ್ದರೆ ಆ ಹಣ ಸುಲಭವಾಗಿ ಸಿಗುತ್ತದೆಯೇ? ನಿಮ್ಮ ಓದಿನ ಖರ್ಚನ್ನು ಈಗ ಬೇರೆಯವರು ನೋಡಿಕೊಳ್ಳುತ್ತಿರಬಹುದು. ನಲವತ್ತರ ಹೊತ್ತಿಗೆ ಈ ಪ್ರಶ್ನೆ ನಿಮ್ಮದೇ ಆಗಬಹುದು. ಈಗಲೇ ನಿಮ್ಮ ತಂದೆ ಅಥವಾ ತಾಯಿಯ ಪ್ರಶ್ನೆಯಾಗಿದ್ದರೂ ಆಶ್ಚರ್ಯವಿಲ್ಲ.

ಕಸುಬಿನ ಜೊತೆಗೇ ಹೋದ ಬಂಡವಾಳ

ಬಂಜಾರರ ಮೂಲ ಕಸುಬು ಸಾಗಾಣಿಕೆ. ಎತ್ತುಗಳ ಬೆನ್ನಿನ ಮೇಲೆ ಧಾನ್ಯ, ಉಪ್ಪು ಮೊದಲಾದ ಸರಕನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಒಯ್ಯುವ ಈ ವ್ಯಾಪಾರವನ್ನು ಅವರು ಲದೇಣಿ ಎನ್ನುತ್ತಿದ್ದರು. 1632ರಲ್ಲಿ ಉತ್ತರ ಭಾರತದಲ್ಲಿ ಸಂಚರಿಸುತ್ತಿದ್ದ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ, ಧಾನ್ಯ ಹೊತ್ತ 14,000 ಎತ್ತುಗಳ ಒಂದು ತಾಂಡಾವನ್ನು ಕಂಡುದಾಗಿ ಬರೆದಿದ್ದಾನೆ. ಮೊಗಲರ ದಂಡುಗಳಿಗೆ ಧಾನ್ಯ ಒದಗಿಸಿದವರು ಇವರು. 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಅವನ ಸೈನ್ಯದ ಹೊಟ್ಟೆ ತುಂಬಿದ್ದೂ ಇವರ ಎತ್ತುಗಳಿಂದಲೇ. ತಾಂಡಾಕ್ಕೆ ನಾಯಕನಿದ್ದ, ಕಾರಭಾರಿಯಿದ್ದ. ದಾರಿ, ನೀರು, ಮೇವು, ಪೇಟೆಯ ಧಾರಣೆ ಎಲ್ಲವನ್ನೂ ಬಲ್ಲ ಒಂದು ವ್ಯವಸ್ಥೆಯೇ ಅಲ್ಲಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವ್ಯವಸ್ಥೆ ಕುಸಿಯಿತು. ರಸ್ತೆಗಳು ಸುಧಾರಿಸಿ ಗಾಡಿಗಳು ಓಡಾಡತೊಡಗಿದವು. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನ ಮಾತ್ರವಲ್ಲ, ದನಕರುಗಳೂ ಅಪಾರ ಸಂಖ್ಯೆಯಲ್ಲಿ ಸತ್ತವು. 1880ರ ದಶಕದಲ್ಲಿ ಬೆಂಗಳೂರಿನ ರೈಲುಹಾದಿ ಹರಿಹರದ ಕಡೆಗೆ ಬೆಳೆಯಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ಕೊಪ್ಪದ ಆಸುಪಾಸಿನ ಸರಕು ಇನ್ನು ಎತ್ತಿನ ಬೆನ್ನನ್ನು ಕಾಯಬೇಕಾಗಿರಲಿಲ್ಲ. ಇದರ ಮೇಲೆ, 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಹಲವು ಪ್ರಾಂತ್ಯಗಳಲ್ಲಿ ಅಲೆಮಾರಿ ಸಮುದಾಯಗಳ ಮೇಲೆ ಹುಟ್ಟಿನಿಂದಲೇ ಕಳಂಕ ಹೊರಿಸಲಾಯಿತು. ಆ ಕಾಯಿದೆ ರದ್ದಾದದ್ದು ಸ್ವಾತಂತ್ರ್ಯಾನಂತರ, 1952ರಲ್ಲಿ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಬಂಜಾರನ ಪಾಲಿಗೆ ಎತ್ತು ಕೆಲಸದ ಸಾಧನವೂ ಹೌದು, ಉಳಿತಾಯವೂ ಹೌದು. ಕಸುಬು ಬೆಲೆ ಕಳೆದುಕೊಂಡಾಗ ಹೇರಿನ ಎತ್ತೂ ಬೆಲೆ ಕಳೆದುಕೊಂಡಿತು. ಅಂದರೆ ಹೊಸದನ್ನು ಕಲಿಯಲು ಹಣ ಬೇಕಾದ ಹೊತ್ತಿನಲ್ಲೇ ಇದ್ದ ಹಣವೂ ಕರಗಿತು. ದಾರಿಗಳ ಜ್ಞಾನವನ್ನು ಒತ್ತೆಯಿಟ್ಟುಕೊಂಡು ಸಾಲ ಕೊಡುವ ಸಾಹುಕಾರನೂ ಇರಲಿಲ್ಲ. ಅನೇಕರು ಕೂಲಿಗೆ, ಸೌದೆ ಮಾರಾಟಕ್ಕೆ, ಒಣಭೂಮಿಯ ಬೇಸಾಯಕ್ಕೆ ಇಳಿದರು. ಅವರಿಗೆ ಬುದ್ಧಿಯ ಕೊರತೆ ಇರಲಿಲ್ಲ. ಹಳೆಯ ಕಸುಬಿನಿಂದ ಹೊಸ ಕಸುಬಿಗೆ ದಾಟುವಾಗ ನಡುವಿನ ಕೆಲವು ವರ್ಷ ಅನ್ನ ಹಾಕುವವರು ಇರಲಿಲ್ಲ.

ಸರ್ಕಾರದ ಹಣ ಮತ್ತು ಅದರ ಷರತ್ತು

ಅದೇ ಕಾಲದಲ್ಲಿ, ಪದವಿ ಇದ್ದವನಿಗೆ ಎರಡನೆಯ ಕಲಿಕೆಗೆ ಹಣ ಸಿಕ್ಕ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ಮನೆಪಾಠ ಹೇಳಿ ಓದಿಕೊಂಡ ಎಂ. ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. ಮೊದಲು ಸೇವೆ ಸಲ್ಲಿಸಿದ್ದು ಮುಂಬಯಿ ಪ್ರಾಂತ್ಯದಲ್ಲಿ. ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ. ಒಂದು ವಿದ್ಯಾರ್ಥಿವೇತನದ ಫಲ ಸಂಸ್ಥಾನಕ್ಕೆ ಮರಳಲು ಕಾಲು ಶತಮಾನ ಹಿಡಿಯಿತು. ಹಣ ಕೊಟ್ಟವರು ಅಷ್ಟು ಕಾಯಲು ಸಾಧ್ಯವಾದದ್ದು ವಿದ್ಯಾರ್ಥಿ ಇಪ್ಪತ್ತರ ತರುಣನಾಗಿದ್ದರಿಂದ. ನಲವತ್ತರವನಿಗೆ ಹಣ ಕೊಡುವವರು ಅಷ್ಟು ದೀರ್ಘವಾಗಿ ಕಾಯಲಾರರು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಭಾರತ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾದದ್ದು 1944ರಲ್ಲಿ. ಮೈಸೂರು ರಾಜ್ಯದ ಲಂಬಾಣಿ ಸಮುದಾಯ 1950ರ ಆದೇಶದ ಪಟ್ಟಿಯಲ್ಲೇ ಇದ್ದುದರಿಂದ ಕೊಪ್ಪದ ಸುತ್ತಿನ ತಾಂಡಾಗಳ ಮಕ್ಕಳಿಗೂ ಈ ಬಾಗಿಲು ತೆರೆಯಿತು. ಶಾಲೆಯ ಮೆಟ್ಟಿಲನ್ನೇ ಕಾಣದ ಮನೆಗಳಿಂದ ಪದವೀಧರರು ಬರಲು ಇಂಥ ಯೋಜನೆಗಳ ನೆರವು ದೊಡ್ಡದು.

ಆದರೆ ಈ ಯೋಜನೆಯ ನಿಯಮಾವಳಿಯನ್ನು ಎಚ್ಚರದಿಂದ ಓದಬೇಕು. ಒಂದು ಹಂತದ ಶಿಕ್ಷಣ ಮುಗಿಸಿದವರು ಅದೇ ಹಂತದಲ್ಲಿ ಬೇರೆ ವಿಷಯ ಓದಿದರೆ, ಉದಾಹರಣೆಗೆ ಬಿ.ಎ. ಆದ ಮೇಲೆ ಬಿ.ಕಾಂ.ಗೆ ಸೇರಿದರೆ, ವೇತನವಿಲ್ಲ ಎಂದು ಅದು ಹೇಳುತ್ತಿತ್ತು. ಒಂದು ವೃತ್ತಿಶಿಕ್ಷಣ ಮುಗಿಸಿ ಇನ್ನೊಂದಕ್ಕೆ ಹೋದವರಿಗೂ ಮೊದಲು ಅವಕಾಶವಿರಲಿಲ್ಲ. 1980-81ರಿಂದ ಎರಡು ವೃತ್ತಿಶಿಕ್ಷಣಗಳಿಗೆ ಒಪ್ಪಿಗೆ ದೊರೆಯಿತು. ಪೂರ್ಣಾವಧಿ ನೌಕರಿಯಲ್ಲಿದ್ದವರು ಓದಿನ ಅವಧಿಯುದ್ದಕ್ಕೂ ವೇತನರಹಿತ ರಜೆ ಪಡೆದರೆ ಮಾತ್ರ ಪೂರ್ಣ ವಿದ್ಯಾರ್ಥಿವೇತನಕ್ಕೆ ಅರ್ಹರಾಗುತ್ತಿದ್ದರು.

ಈ ಷರತ್ತುಗಳಲ್ಲಿ ಒಂದು ನ್ಯಾಯವಿದೆ. ಸಾರ್ವಜನಿಕ ಹಣ ಮಿತವಾದದ್ದು. ಇನ್ನೂ ಒಮ್ಮೆಯೂ ಊಟಕ್ಕೆ ಕೂರದವನಿಗೆ ಮೊದಲು ಎಲೆ ಹಾಕಬೇಕು. ಆದರೆ ಇದರ ಇನ್ನೊಂದು ಮುಖವೂ ಉಂಟು. ಹದಿನೆಂಟನೆಯ ವಯಸ್ಸಿನಲ್ಲಿ, ಸಲಹೆ ಕೊಡುವವರಿಲ್ಲದೆ, ಹತ್ತಿರದ ಕಾಲೇಜಿನಲ್ಲಿ ಸಿಕ್ಕ ಪದವಿಗೆ ಸೇರಿದ ತಾಂಡಾದ ಹುಡುಗಿ ಮುಂದೆ ತನ್ನ ದಾರಿ ಬೇರೆ ಎಂದು ಅರಿತಾಗ, ನಿಯಮದ ಕಣ್ಣಿಗೆ ಆಕೆ ಉಂಡು ಎದ್ದವಳು. ಮನೆಯಲ್ಲಿ ಆಸ್ತಿ ಇದ್ದವರಿಗೆ ಮೊದಲ ಆಯ್ಕೆಯನ್ನು ತಿದ್ದಿಕೊಳ್ಳುವುದು ಸಲೀಸು. ಇಲ್ಲದವರಿಗೆ ಆ ಮೊದಲ ಪದವಿಯೇ ಅಡ್ಡಗೋಡೆ.

ಕರಾರು, ಉಳಿತಾಯ, ಗೆಳೆಯನ ಸಾಲ

ಪದವಿ ಇದ್ದೂ ಮತ್ತೆ ಓದಲು ಹೊರಟವರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರ ಉದಾಹರಣೆಯಷ್ಟು ಸ್ಪಷ್ಟವಾದುದು ಇನ್ನೊಂದಿಲ್ಲ. 1913ರಲ್ಲಿ ಬರೋಡದ ಗಾಯಕವಾಡರು ಅವರಿಗೆ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಲು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಪ್ರತಿಯಾಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು ಇತ್ತು. ಲಂಡನ್ನಿನಲ್ಲಿ ಓದು ಮುಂದುವರಿಯುತ್ತಿದ್ದಾಗ ವೇತನದ ಅವಧಿ ಮುಗಿಯಿತು. 1917ರಲ್ಲಿ ಅವರು ಅರ್ಧದಲ್ಲೇ ಹಿಂದಿರುಗಬೇಕಾಯಿತು. ಬರೋಡದ ನೌಕರಿಗೆ ಹೋದಾಗ ಅಸ್ಪೃಶ್ಯತೆಯ ಕಾರಣದಿಂದ ಬಾಡಿಗೆಗೆ ಒಂದು ಕೋಣೆಯೂ ದಕ್ಕದೆ ಹೊರನಡೆದದ್ದು ಎಲ್ಲರೂ ಬಲ್ಲ ಸಂಗತಿ.

ಅನಂತರ ಅವರು ಮಾಡಿದ್ದೇನು? 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಸೇರಿ ಸಂಬಳದಲ್ಲಿ ಉಳಿಸತೊಡಗಿದರು. ಆ ಉಳಿತಾಯಕ್ಕೆ ಕೊಲ್ಹಾಪುರದ ಶಾಹು ಮಹಾರಾಜರ ನೆರವು ಮತ್ತು ಗೆಳೆಯ ನವಲ್ ಭಾಥೇನಾ ಕೊಟ್ಟ 5,000 ರೂಪಾಯಿ ಸಾಲ ಸೇರಿತು. 1920ರಲ್ಲಿ, 29ರ ವಯಸ್ಸಿನಲ್ಲಿ, ಸಂಸಾರವನ್ನು ಮುಂಬಯಿಯಲ್ಲಿ ಬಿಟ್ಟು ಅವರು ಮತ್ತೆ ಲಂಡನ್ನಿಗೆ ಹೊರಟರು. 1923ರಲ್ಲಿ ಮರಳಿದಾಗ ಅರ್ಥಶಾಸ್ತ್ರದ ಉನ್ನತ ಪದವಿಯ ಜೊತೆಗೆ ಬ್ಯಾರಿಸ್ಟರ್ ಅರ್ಹತೆಯೂ ಇತ್ತು. ಪ್ರಾಧ್ಯಾಪಕರು ವಕೀಲರಾದರು. ಆ ವರ್ಷಗಳಲ್ಲಿ ಬಡತನದ ನಡುವೆ ಮನೆ ನಡೆಸಿದ ರಮಾಬಾಯಿಯವರ ಪಾಲನ್ನು ಈ ಲೆಕ್ಕದಲ್ಲಿ ಸೇರಿಸದಿದ್ದರೆ ಇತಿಹಾಸ ಅಪೂರ್ಣ.

ಮನೆಯೊಡತಿಯ ಸಂಬಳ

ಸಂಗಾತಿಯ ಪಾಲು ಇನ್ನೂ ನಿಚ್ಚಳವಾಗಿ ಕಾಣುವುದು ನಮ್ಮ ರಂಗಭೂಮಿಯ ಚರಿತ್ರೆಯಲ್ಲಿ. ಬಂಟ್ವಾಳ ತಾಲ್ಲೂಕಿನ ಮಂಚಿಯ ಬಿ.ವಿ. ಕಾರಂತರು ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿದವರು. ಗುಬ್ಬಿ ವೀರಣ್ಣನವರು ಅವರನ್ನು ಓದಲು ಬನಾರಸಿಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ. ಆಯಿತು. ಆ ಪದವಿ ಹಿಡಿದು ಮೇಷ್ಟರಾಗಿ ಉಳಿಯಬಹುದಾಗಿತ್ತು. ಬದಲಾಗಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಸೇರಿ 1962ರಲ್ಲಿ ಅಲ್ಲಿಂದ ಹೊರಬಂದರು. ಆಗ ಅವರಿಗೆ 33ರ ಆಸುಪಾಸು. ಆ ಓದಿನ ಕಾಲದಲ್ಲಿ ಮನೆ ನಡೆದದ್ದು ಶಾಲಾ ಶಿಕ್ಷಕಿಯಾಗಿದ್ದ ಪತ್ನಿ ಪ್ರೇಮಾ ಅವರ ಸಂಬಳದಿಂದ. ಮುಂದೆ ಪ್ರೇಮಾ ಕಾರಂತರೂ ಅದೇ ನಾಟಕ ಶಾಲೆಯಲ್ಲಿ ಕಲಿತು 1971ರಲ್ಲಿ ಪದವಿ ಪಡೆದರು. 1983ರಲ್ಲಿ ಅವರು ನಿರ್ದೇಶಿಸಿದ ‘ಫಣಿಯಮ್ಮ’ ಕನ್ನಡ ಚಿತ್ರರಂಗದ ಮುಖ್ಯ ಕೃತಿಗಳಲ್ಲೊಂದು. ಒಂದೇ ಮನೆಯಲ್ಲಿ ಎರಡು ಸಲ ನಡೆದ ಕಸುಬಿನ ಬದಲಾವಣೆ ಇದು.

ಗಿರೀಶ ಕಾರ್ನಾಡರಿಗೆ ಒದಗಿದ್ದು ಬೇರೆ ಬಗೆಯ ಹಣ. ಧಾರವಾಡದಲ್ಲಿ ಪದವಿ, ಆಕ್ಸ್‌ಫರ್ಡಿನಲ್ಲಿ ಉನ್ನತ ವ್ಯಾಸಂಗ, 1963ರಿಂದ 1970ರವರೆಗೆ ಮದರಾಸಿನ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಭದ್ರವಾದ ಕೆಲಸ. ಅದನ್ನು ಬಿಟ್ಟು ಪೂರ್ಣಾವಧಿ ಬರವಣಿಗೆಗೆ ಇಳಿದಾಗ 1970-72ರ ಹೋಮಿ ಭಾಭಾ ಫೆಲೊಶಿಪ್ ಕೈಹಿಡಿಯಿತು. ಇಂಥ ಫೆಲೊಶಿಪ್ ಪದವಿಯನ್ನು ಅಡ್ಡಿ ಎಂದು ಎಣಿಸುವುದಿಲ್ಲ. ಆದರೆ ಆಗಲೇ ಮಾಡಿ ತೋರಿಸಿದ ಕೆಲಸವನ್ನು ಕೇಳುತ್ತದೆ. ಕಾರ್ನಾಡರು ಆ ಹೊತ್ತಿಗೆ ‘ಯಯಾತಿ’, ‘ತುಘಲಕ್’ ನಾಟಕಗಳನ್ನು ಬರೆದಾಗಿತ್ತು. ಅವು ನೌಕರಿ ಬಿಟ್ಟ ಮೇಲೆ ಬರೆದವಲ್ಲ ಎಂಬುದನ್ನು ನೆನಪಿಡಬೇಕು.

ಸಂಬಳ ಬಿಡದೆ ಓದು, ಸಾಲ ಮಾಡಿ ಓದು

ಫೆಲೊಶಿಪ್ ಕೆಲವರಿಗೆ ಮಾತ್ರ. ಸಾಮಾನ್ಯರಿಗೆ ದೊಡ್ಡ ಅನುಕೂಲವಾದದ್ದು ಅಂಚೆ ಮೂಲಕದ ಶಿಕ್ಷಣ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಗುಮಾಸ್ತರು, ಪೊಲೀಸರು, ಗೃಹಿಣಿಯರು ಮನೆಯಲ್ಲೇ ಓದಿಕೊಂಡರು. ಇದು ಕೊಟ್ಟ ದೊಡ್ಡ ನೆರವು ಶುಲ್ಕದ ರಿಯಾಯಿತಿಯಲ್ಲ, ಸಂಬಳ ತಪ್ಪದಂತೆ ನೋಡಿಕೊಂಡದ್ದು.

ಏಕೆಂದರೆ ನಡುವಯಸ್ಸಿನ ಓದಿನಲ್ಲಿ ಶುಲ್ಕಕ್ಕಿಂತ ಭಾರವಾದದ್ದು ತಪ್ಪಿಹೋಗುವ ಸಂಬಳ. ಒಂದು ಲೆಕ್ಕ ಹಾಕೋಣ. ತಿಂಗಳಿಗೆ 30,000 ರೂಪಾಯಿ ಗಳಿಸುವವರು ಕೆಲಸ ಬಿಟ್ಟು, ಒಂದೂವರೆ ಲಕ್ಷ ಶುಲ್ಕದ ಎರಡು ವರ್ಷದ ಕೋರ್ಸು ಸೇರಿದರೆಂದು ಭಾವಿಸಿ. ತಪ್ಪಿದ ಸಂಬಳ 7,20,000. ಒಟ್ಟು ಖರ್ಚು 8,70,000. ಅದರಲ್ಲಿ ಶುಲ್ಕದ ಪಾಲು ಐದನೆಯ ಒಂದಂಶವೂ ಅಲ್ಲ. ವಿದ್ಯಾರ್ಥಿವೇತನ ಹುಡುಕುವವರು ಸಾಮಾನ್ಯವಾಗಿ ಈ ಸಣ್ಣ ಪಾಲನ್ನಷ್ಟೇ ಹುಡುಕುತ್ತಾರೆ. ಸರ್ಕಾರಿ ನೌಕರರಿಗೆ ಅಧ್ಯಯನ ರಜೆ ಉಂಟು. ಕೇಂದ್ರ ನೌಕರರಿಗೆ ಇದು ಸಾಮಾನ್ಯವಾಗಿ ಇಡೀ ಸೇವೆಯಲ್ಲಿ 24 ತಿಂಗಳು. ಆದರೆ ಓದುವ ವಿಷಯಕ್ಕೂ ಮಾಡುವ ಕೆಲಸಕ್ಕೂ ನಿಕಟ ಸಂಬಂಧವಿರಬೇಕು, ಮರಳಿ ಸೇವೆ ಸಲ್ಲಿಸುವ ಮುಚ್ಚಳಿಕೆ ಬರೆದುಕೊಡಬೇಕು. ಕೆಲಸವನ್ನೇ ಬದಲಿಸುವವರಿಗೆ ಅದು ಹೊಂದುವುದಿಲ್ಲ.

ಉಳಿದದ್ದು ಸಾಲ. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ಶಿಕ್ಷಣ ಸಾಲದ ಮಾದರಿ ಯೋಜನೆಯೊಂದನ್ನು ರೂಪಿಸಿತು. ಅನಂತರದ ಪರಿಷ್ಕರಣೆಗಳ ಪ್ರಕಾರ ವಯಸ್ಸಿಗೆ ನಿರ್ದಿಷ್ಟ ಮಿತಿಯಿಲ್ಲ. ಆದರೂ ಒಂದೊಂದು ಬ್ಯಾಂಕು ತನ್ನದೇ ನಿಯಮ ಇಟ್ಟುಕೊಳ್ಳಬಹುದು. ವಿವಾಹಿತರಿಗೆ ಸಂಗಾತಿಯೇ ಜೊತೆಗೆ ಸಹಿ ಹಾಕಬಹುದು. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ತೀರಿಸಲು ಗರಿಷ್ಠ 15 ವರ್ಷ. ಈಗ ಕೂಡಿ ನೋಡಿ: 42ರಲ್ಲಿ ಎರಡು ವರ್ಷದ ಕೋರ್ಸು ಸೇರಿದವರು ಪೂರ್ತಿ ಅವಧಿ ಬಳಸಿಕೊಂಡರೆ ಕೊನೆಯ ಕಂತು ಕಟ್ಟುವಾಗ 60 ವರ್ಷ. ರಾಜ್ಯ ಸರ್ಕಾರಿ ನೌಕರರು ನಿವೃತ್ತರಾಗುವ ವಯಸ್ಸು ಅದೇ. ಆ ಹೊತ್ತಿಗೆ ಮಕ್ಕಳ ಓದಿಗೂ ಸಾಲ ಬೇಕಾಗಿರುತ್ತದೆ. ಒಂದು ಮನೆಯ ಎರಡು ತಲೆಮಾರು ಒಂದೇ ಬ್ಯಾಂಕಿನ ಮುಂದೆ ನಿಲ್ಲುವ ಸಂದರ್ಭ ಇದು.

ಇತಿಹಾಸ ಹೇಳುವ ಮಾತು

ಈ ಎಲ್ಲ ಉದಾಹರಣೆಗಳಲ್ಲಿ ಪುಕ್ಕಟೆ ಹಣ ಎಂಬುದು ಎಲ್ಲೂ ಇಲ್ಲ. ವಿದ್ಯಾರ್ಥಿವೇತನ ವಯಸ್ಸನ್ನೂ ಮೊದಲ ಪದವಿಯನ್ನೂ ಕೇಳುತ್ತದೆ. ಕರಾರು ಮುಂದಿನ ವರ್ಷಗಳನ್ನು ಕೇಳುತ್ತದೆ. ಫೆಲೊಶಿಪ್ ಹಿಂದಿನ ಸಾಧನೆಯನ್ನು ಕೇಳುತ್ತದೆ. ಸಾಲ ಬಡ್ಡಿಯನ್ನು ಕೇಳುತ್ತದೆ. ಮನೆಯವರ ದುಡಿಮೆ ಏನನ್ನೂ ಬಾಯಿಬಿಟ್ಟು ಕೇಳುವುದಿಲ್ಲ, ಆದ್ದರಿಂದಲೇ ಅದನ್ನು ಲೆಕ್ಕದಿಂದ ಬಿಡುವುದು ಸುಲಭ.

ಎರಡನೆಯ ಮಾತು ಕೊಪ್ಪದ ಹಾದಿಯಲ್ಲಿ ನಡೆದ ಎತ್ತುಗಳು ಹೇಳುವುದು. ಕಸುಬು ಮುಳುಗುವಾಗ ಅದರಲ್ಲಿ ಹೂಡಿದ್ದೂ ಮುಳುಗುತ್ತದೆ. ಅಂಬೇಡ್ಕರರು ಕಾಲೇಜಿನ ಸಂಬಳ ಬರುತ್ತಿದ್ದಾಗಲೇ ಉಳಿಸಿದರು. ಕಾರ್ನಾಡರು ನೌಕರಿಯಲ್ಲಿದ್ದಾಗಲೇ ಬರೆದರು. ದಾಟುವ ತೆಪ್ಪವನ್ನು ದಡದಲ್ಲಿದ್ದಾಗಲೇ ಕಟ್ಟಿಕೊಂಡವರು ಇವರು. ರೈಲು ಬಂದ ಕಾಲದ ಬಂಜಾರರಿಗೆ ಅದಕ್ಕೆ ಬೇಕಾದ ಸಮಯವನ್ನಾಗಲಿ ಸಾಲವನ್ನಾಗಲಿ ಯಾರೂ ಕೊಡಲಿಲ್ಲ. ಆದ್ದರಿಂದ ಇದನ್ನು ಬರಿಯ ವ್ಯಕ್ತಿಯ ಜಾಣತನದ ಪ್ರಶ್ನೆ ಎಂದುಕೊಳ್ಳಬಾರದು. ದಾಟುವವರಿಗೆ ನಡುವಿನ ವರ್ಷಗಳಲ್ಲಿ ಆಸರೆ ಕೊಡುವ ಏರ್ಪಾಡು ಸಮಾಜದಲ್ಲಿ ಇದೆಯೇ ಎಂಬುದೂ ಅಷ್ಟೇ ಮುಖ್ಯ.

ವಿದ್ಯಾರ್ಥಿಗಳು ಈ ವಾರ ಒಂದು ಸಣ್ಣ ಕೆಲಸ ಮಾಡಬಹುದು. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ನಲವತ್ತರ ಹೊತ್ತಿಗೆ ಕಸುಬು ಬದಲಿಸಿದ ಒಬ್ಬರನ್ನು ಮಾತಾಡಿಸಿ. ಮೂರು ವಿಷಯ ಕೇಳಿ ಬರೆದುಕೊಳ್ಳಿ: ಶುಲ್ಕ ಕೊಟ್ಟವರು ಯಾರು, ಆ ಅವಧಿಯಲ್ಲಿ ಮನೆ ನಡೆಸಿದವರು ಯಾರು, ಹಣ ಕೊಟ್ಟವರು ಪ್ರತಿಯಾಗಿ ಏನನ್ನು ಬಯಸಿದರು. ಮೂರಕ್ಕೂ ಉತ್ತರ ದೊರೆತರೆ ನಿಮ್ಮ ಊರಿನ ಆರ್ಥಿಕ ಚರಿತ್ರೆಯ ಒಂದು ಪುಟ ನಿಮ್ಮ ಕೈಯಲ್ಲಿರುತ್ತದೆ.