ಮೂಲ ಮೇಲ್ಮೈ: ಹಳೆಯ ಸ್ಮಾರಕ ಬೆಳ್ಳಿ ನಾಣ್ಯಗಳ ಪರೀಕ್ಷೆ

ಟಂಕಸಾಲೆಯ ಅಚ್ಚಿನಿಂದ ಹೊರಬಿದ್ದ ನಾಣ್ಯದ ಮೈಯನ್ನು ಆಮೇಲೆ ಯಾರೂ ಉಜ್ಜದೆ, ಪಾಲಿಶ್ ಮಾಡದೆ, ಆಮ್ಲದಲ್ಲಿ ಅದ್ದದೆ ಉಳಿಸಿದ್ದರೆ ಅದನ್ನು ಸಂಗ್ರಾಹಕರು ‘ಮೂಲ ಮೇಲ್ಮೈ’ ಎನ್ನುತ್ತಾರೆ. ಕಾಲಾಂತರದಲ್ಲಿ ತಾನಾಗಿ ಕಟ್ಟಿಕೊಂಡ ಬಣ್ಣವೂ ಈ ಮೂಲದ ಲೆಕ್ಕಕ್ಕೇ ಸೇರುತ್ತದೆ. ನೂರು ವರ್ಷದ ಬೆಳ್ಳಿ ಪಳಪಳ ಬೆಳ್ಳಗಿದ್ದರೆ ಹೊಸಬರಿಗೆ ಸಂತೋಷ, ಪಳಗಿದವರಿಗೆ ಅನುಮಾನ.

ಸ್ಮಾರಕ ನಾಣ್ಯಗಳಲ್ಲಿ ಈ ಪ್ರಶ್ನೆ ಹೆಚ್ಚು ಏಳಲು ಕಾರಣವಿದೆ. ಚಲಾವಣೆಯ ನಾಣ್ಯ ಜೇಬಿನಲ್ಲಿ ಸವೆಯುತ್ತದೆ. ಸ್ಮಾರಕ ನಾಣ್ಯ ಕೆಡುವುದು ಬಹುಪಾಲು ಅಕ್ಕರೆಯಿಂದಲೇ. ಬಂದ ನೆಂಟರಿಗೆ ತೋರಿಸುವ ಮೊದಲು ಒಮ್ಮೆ ಒರೆಸಿರುತ್ತಾರೆ, ಮಾರುವ ಮುನ್ನ ಒಮ್ಮೆ ತೊಳೆದಿರುತ್ತಾರೆ.

ಅಮೆರಿಕದ ಮೊದಲ ಸ್ಮಾರಕ ನಾಣ್ಯವಾದ ಕೊಲಂಬಿಯನ್ ಅರ್ಧ ಡಾಲರ್ ಇದಕ್ಕೆ ಒಳ್ಳೆಯ ಉದಾಹರಣೆ. ಷಿಕಾಗೊ ವಿಶ್ವಮೇಳಕ್ಕೆಂದು 1892 ಮತ್ತು 1893ರ ಇಸವಿ ಹೊತ್ತು ಬಂದ ಇದರಲ್ಲಿ 90% ಬೆಳ್ಳಿ, 10% ತಾಮ್ರ, ತೂಕ 12.5 ಗ್ರಾಂ, ವ್ಯಾಸ 30.6 ಮಿ.ಮೀ. ಒಂದು ಮುಖದಲ್ಲಿ ಚಾರ್ಲ್ಸ್ ಬಾರ್ಬರ್ ರೂಪಿಸಿದ ಕೊಲಂಬಸ್, ಇನ್ನೊಂದರಲ್ಲಿ ಜಾರ್ಜ್ ಮಾರ್ಗನ್ ರೂಪಿಸಿದ ಸಾಂಟಾ ಮರಿಯಾ ಹಡಗು ಮತ್ತು ಅದರ ಕೆಳಗೆ ಎರಡು ಭೂಗೋಳಾರ್ಧಗಳು. ಮೊದಲ ನಾಣ್ಯಕ್ಕೆ ರೆಮಿಂಗ್ಟನ್ ಟೈಪ್‌ರೈಟರ್ ತಯಾರಕರು 10,000 ಡಾಲರ್ ಕೊಟ್ಟಿದ್ದರು. ಮೇಳದಲ್ಲಿ ಇಡಿಯ ಒಂದು ಡಾಲರಿಗೆ ಮಾರಲು ಇಟ್ಟ ಈ ನಾಣ್ಯಗಳಲ್ಲಿ ಮಾರಾಟವಾಗದೆ ಉಳಿದ ರಾಶಿಯ ಒಂದು ಪಾಲು ಕರಗಿತು, ಇನ್ನೊಂದು ಪಾಲು ಮುಖಬೆಲೆಗೇ ಪೇಟೆಗೆ ಇಳಿಯಿತು. ಹೀಗಾಗಿ ಇಂದು ಕೈಗೆ ಸಿಗುವ ಕೊಲಂಬಿಯನ್‌ಗಳಲ್ಲಿ ನಾಲ್ಕು ಬಗೆ: ಜೇಬಿನಲ್ಲಿ ಸವೆದವು, ಬಟ್ಟೆಯಲ್ಲಿ ಉಜ್ಜಿಸಿಕೊಂಡವು, ದ್ರಾವಣದಲ್ಲಿ ಮುಳುಗಿ ಎದ್ದವು, ಮತ್ತು ಮೇಳ ನೋಡಿ ಬಂದವರ ಪೆಟ್ಟಿಗೆಯಲ್ಲಿ ಯಾರ ಕೈಗೂ ಸಿಗದೆ ಉಳಿದ ಕೆಲವು.

ಪರೀಕ್ಷೆಯಲ್ಲಿ ಮೊದಲು ನೋಡಬೇಕಾದ್ದು ಬಣ್ಣವನ್ನಲ್ಲ, ಹೊಳಪನ್ನು. ಅಚ್ಚಿನ ಒತ್ತಡಕ್ಕೆ ಬಿಲ್ಲೆಯ ಲೋಹ ನಡುವಿನಿಂದ ಅಂಚಿನತ್ತ ಹರಿಯುತ್ತದೆ. ಸಾವಿರಾರು ಬಿಲ್ಲೆಗಳ ಹರಿವಿಗೆ ಅಚ್ಚಿನ ಮುಖದ ಮೇಲೂ ಸೂಕ್ಷ್ಮ ಗೆರೆಗಳು ಮೂಡಿ, ಮುಂದಿನ ನಾಣ್ಯಗಳಿಗೆ ಇಳಿಯುತ್ತವೆ. ಬರಿಗಣ್ಣಿಗೆ ಕಾಣದ ಈ ಗೆರೆಗಳೇ ಬೆಳಕನ್ನು ಪಟ್ಟೆಪಟ್ಟೆಯಾಗಿ ಹಿಂದಿರುಗಿಸುತ್ತವೆ. ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ಓಲಾಡಿಸಿದರೆ ಎರಡು ಬೆಳಕಿನ ಅರಗಳು ನಡುವಿನ ಸುತ್ತ ಗಾಡಿಚಕ್ರದಂತೆ ತಿರುಗುತ್ತವೆ. ಆ ಚಕ್ರ ಅಕ್ಷರಗಳ ಸಂದಿಯಲ್ಲಿ, ಕೊಲಂಬಸನ ಕೆನ್ನೆಯ ಮೇಲೆ, ಹಡಗಿನ ಹಾಯಿಗಳ ಉಬ್ಬಿನ ಮೇಲೆ ಎಲ್ಲೂ ತುಂಡಾಗದೆ ಹಾಯಬೇಕು. ಪಾಲಿಶ್ ಮಾಡಿದ ನಾಣ್ಯವೂ ಹೊಳೆಯುತ್ತದೆ, ಆದರೆ ಸ್ಟೀಲ್ ಲೋಟದ ಹಾಗೆ: ಬೆಳಕು ಒಂದೇ ಕಡೆ ನಿಂತಿರುತ್ತದೆ, ತಿರುಗುವುದಿಲ್ಲ.

ಇನ್ನು ಬಣ್ಣ. ಗಾಳಿಯಲ್ಲಿರುವ, ಕಾಗದ ಮತ್ತು ರಟ್ಟಿನಿಂದ ಹೊರಡುವ ಗಂಧಕದ ಅಂಶ ಬೆಳ್ಳಿಯೊಡನೆ ಕೂಡಿ ಸಿಲ್ವರ್ ಸಲ್ಫೈಡ್‌ನ ತೆಳುಪೊರೆ ಕಟ್ಟುತ್ತದೆ. ನೀರಿನ ಮೇಲೆ ತೇಲುವ ಎಣ್ಣೆಯಂತೆ ಈ ಪೊರೆಯ ದಪ್ಪಕ್ಕೆ ತಕ್ಕ ಬಣ್ಣ ಕಾಣುತ್ತದೆ. ಮೊದಲು ತಿಳಿಹೊನ್ನು, ಬಳಿಕ ಕೆಂಗಂದು, ನೇರಳೆ, ನೀಲಿ. ಪೊರೆ ಇನ್ನೂ ದಪ್ಪಗಾದರೆ ಬಣ್ಣಗಳು ಇನ್ನೊಂದು ಸುತ್ತು ಬಂದು ಕೊನೆಗೆ ಕಪ್ಪು. ಸಹಜ ಬಣ್ಣ ಈ ಸರದಿಯನ್ನು ಪಾಲಿಸುತ್ತ ಒಂದರೊಳಗೊಂದು ಕರಗಿ ಸಾಗುತ್ತದೆ, ಅದರಡಿಯಲ್ಲಿ ಚಕ್ರವೂ ತಿರುಗುತ್ತಿರುತ್ತದೆ. ಹೊನ್ನಿನ ಪಕ್ಕದಲ್ಲೇ ಥಟ್ಟನೆ ಗಾಢ ನೀಲಿ ಎದ್ದಿದ್ದರೆ, ಬಣ್ಣ ಬಳಿದಂತೆ ಮೇಲೆ ಕೂತಿದ್ದರೆ, ಶಾಖವನ್ನೋ ರಾಸಾಯನಿಕವನ್ನೋ ಬಳಸಿ ತರಿಸಿದ ಬಣ್ಣವೆಂದು ಸಂಶಯಪಡಬೇಕು. ನಾಣ್ಯ ಎಲ್ಲಿ ಮಲಗಿತ್ತು ಎಂಬುದನ್ನೂ ಬಣ್ಣ ಹೇಳುತ್ತದೆ. 1930ರ ದಶಕದ ಅನೇಕ ಅಮೆರಿಕನ್ ಸ್ಮಾರಕಗಳನ್ನು ರಟ್ಟಿನ ಹಲಗೆಯಲ್ಲಿ ಕೂರಿಸಿ, ನಡುವೆ ಕಾಗದದ ಪಟ್ಟಿ ಹಾಯಿಸಿ ಕೊಳ್ಳುವವರಿಗೆ ಕಳಿಸುತ್ತಿದ್ದರು. ಪಟ್ಟಿ ಮುಚ್ಚಿದ್ದಷ್ಟು ಜಾಗ ಒಂದು ಬಣ್ಣ, ಉಳಿದದ್ದು ಇನ್ನೊಂದು. ಆ ಗುರುತಿಗೆ ಅಂಟಿದ ಜನಪ್ರಿಯತೆಯಿಂದಾಗಿ ಅದನ್ನೂ ನಕಲು ಮಾಡುವವರಿದ್ದಾರೆ.

ಈ ಪೊರೆಯಲ್ಲಿರುವ ಬೆಳ್ಳಿ ನಾಣ್ಯದ್ದೇ ಬೆಳ್ಳಿ. ‘ಡಿಪ್’ ಎಂದು ಕರೆಯುವ ಥಯೋಯೂರಿಯ ಮತ್ತು ಆಮ್ಲದ ದ್ರಾವಣಕ್ಕೆ ನಾಣ್ಯ ಇಳಿಸಿದರೆ ಕ್ಷಣಗಳಲ್ಲಿ ಕಪ್ಪು ಹೋಗುತ್ತದೆ. ಅದರ ಜೊತೆಗೆ ಮೈಯ ಒಂದು ಪದರವೂ ಹೋಗುತ್ತದೆ. ಒಮ್ಮೆ ಬೇಗ ಅದ್ದಿ ಚೆನ್ನಾಗಿ ತೊಳೆದದ್ದನ್ನು ಪರಿಣತರೂ ಗುರುತಿಸಲಾರರು ಎಂಬುದನ್ನು ಒಪ್ಪಿಕೊಳ್ಳಬೇಕು. ಮತ್ತೆ ಮತ್ತೆ ಅದ್ದಿದಾಗ ಹರಿವಿನ ಗೆರೆಗಳ ಏಣು ಕರಗಿ ಚಕ್ರ ಮಂಕಾಗುತ್ತದೆ, ನಾಣ್ಯ ಸುಣ್ಣ ಬಳಿದ ಗೋಡೆಯಂತೆ ನಿರ್ಜೀವವಾಗಿ ಬೆಳ್ಳಗಾಗುತ್ತದೆ. ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡಾದ ಮನೆಮದ್ದು ಸಲ್ಫೈಡನ್ನು ಮರಳಿ ಬೆಳ್ಳಿಯಾಗಿಸುವುದು ನಿಜ, ಆದರೆ ಅದು ಹಳೆಯ ಗೆರೆಗಳಲ್ಲಿ ಹೋಗಿ ಕೂರುವುದಿಲ್ಲ. ತೂಕ ಹಾಕಿ ಇದನ್ನೆಲ್ಲ ಹಿಡಿಯಬಹುದೆಂದುಕೊಂಡರೆ ತಪ್ಪು. ಹೋದದ್ದು ಅಷ್ಟು ಅಲ್ಪ.

ಉಜ್ಜಿದ್ದನ್ನು ಗುರುತಿಸುವುದು ಕೂದಲೆಳೆಯಂಥ ಗೀರುಗಳಿಂದ. ಇಲ್ಲಿ ಎಡವುವವರು ಬಹಳ, ಏಕೆಂದರೆ ಟಂಕಸಾಲೆಯಲ್ಲಿ ಅಚ್ಚನ್ನೇ ಉಜ್ಜಿ ನಯಗೊಳಿಸಿದಾಗ ಬಿದ್ದ ಗೀರುಗಳೂ ನಾಣ್ಯದ ಮೇಲೆ ಮೂಡುತ್ತವೆ. ವ್ಯತ್ಯಾಸ ಇಷ್ಟೇ: ಅಚ್ಚಿನ ಗೀರು ನಾಣ್ಯದಲ್ಲಿ ಉಬ್ಬಿರುತ್ತದೆ, ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತದೆ, ಬಟ್ಟೆಯ ಗೀರು ತಗ್ಗಾಗಿರುತ್ತದೆ, ಬಯಲನ್ನೂ ಕೆನ್ನೆಯನ್ನೂ ಒಂದೇ ದಿಕ್ಕಿನಲ್ಲಿ ಗೀಚಿ ಹೋಗಿರುತ್ತದೆ. ಗೀರಿನೊಳಗೂ ಸುತ್ತಲಿನಷ್ಟೇ ಬಣ್ಣ ಕಟ್ಟಿದ್ದರೆ ಉಜ್ಜಿ ದಶಕಗಳಾಗಿವೆ. ಬಣ್ಣದ ನಡುವೆ ಗೀರು ಬಿಳಿಯಾಗಿ ಮಿನುಗಿದರೆ ಗಾಯ ಇತ್ತೀಚಿನದು.

ಉಬ್ಬುಗಳ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಅಚ್ಚು ಪೂರ್ತಿ ಒತ್ತದಿದ್ದರೂ ಕೊಲಂಬಸನ ಕೂದಲು, ಹುಬ್ಬು ಮಸುಕಾಗಿರುತ್ತವೆ. ಆಗ ಅಲ್ಲಿ ಬಿಲ್ಲೆಯ ಒರಟುತನ ಉಳಿದಿದ್ದು, ಬಣ್ಣ ಸುತ್ತಲಿನಂತೆಯೇ ಇರುತ್ತದೆ. ಸವೆದಿದ್ದರೆ ಅದೇ ಜಾಗ ಬೂದುಬಣ್ಣಕ್ಕೆ ತಿರುಗಿ, ತಿರುಗುವ ಬೆಳಕು ಅಲ್ಲಿ ಮುರಿಯುತ್ತದೆ. ಹಳೆಯ ಆಲ್ಬಂಗಳ ಪಾರದರ್ಶಕ ಪಟ್ಟಿಯನ್ನು ಎಳೆದು ತಳ್ಳುವಾಗ ಕೆನ್ನೆಯ ಮೇಲಷ್ಟೇ ಸಮಾನಾಂತರ ಗೀರುಗಳು ಬೀಳುವುದೂ ಉಂಟು.

ಇದನ್ನೆಲ್ಲ ನೋಡಲು ಕತ್ತಲು ಮಾಡಿದ ಕೋಣೆ, ಒಂದೇ ಒಂದು ಬಲ್ಬು, 5ರಿಂದ 7 ಪಟ್ಟು ಹಿಗ್ಗಿಸುವ ಮಸೂರ ಸಾಕು. ಟ್ಯೂಬ್‌ಲೈಟಿನ ಚದುರಿದ ಬೆಳಕಿನಲ್ಲಿ ಗೀರುಗಳು ಅಡಗಿಬಿಡುತ್ತವೆ. ಅಂಗಡಿಯಲ್ಲಿ ಚೆಂದ ಕಂಡ ನಾಣ್ಯ ಮನೆಯಲ್ಲಿ ಬೇರೆಯೇ ಆಗುವುದು ಇದರಿಂದಲೇ. ಪಿಸಿಜಿಎಸ್ (1986) ಮತ್ತು ಎನ್‌ಜಿಸಿ (1987) ಎಂಬ ಅಮೆರಿಕದ ಪರೀಕ್ಷಕ ಸಂಸ್ಥೆಗಳು 70 ಅಂಕಗಳ ಮಾಪಕದಲ್ಲಿ ದರ್ಜೆ ಕೊಡುತ್ತವೆ, ಕೆಡುವಂತೆ ಉಜ್ಜಿದ ನಾಣ್ಯಕ್ಕೆ ಅಂಕ ಕೊಡದೆ ದೋಷವನ್ನು ಬರೆಯುತ್ತವೆ. ಎಲ್ಲ ಸ್ವಚ್ಛತೆಯೂ ಅಪರಾಧವಲ್ಲ. ಮೆತ್ತನೆ ಪಿವಿಸಿ ಲಕೋಟೆಯಿಂದ ಅಂಟಿದ ಹಸಿರು ಜಿಡ್ಡನ್ನು ಶುದ್ಧ ಅಸಿಟೋನ್‌ನಲ್ಲಿ, ಉಜ್ಜದೆ, ಕರಗಿಸಿದರೆ ಲೋಹಕ್ಕೆ ಏನೂ ಆಗುವುದಿಲ್ಲ. ಬಿಟ್ಟರೆ ಆ ಜಿಡ್ಡಿನ ಆಮ್ಲವೇ ಮೈಯನ್ನು ತಿನ್ನುತ್ತದೆ.

ನಮ್ಮ ಕಡೆ ಹೆಚ್ಚಾಗಿ ಎದುರಾಗುವುದು ಗಾಂಧಿ ಶತಮಾನೋತ್ಸವದ 1969ರ 10 ರೂಪಾಯಿ: 80% ಬೆಳ್ಳಿ, 15 ಗ್ರಾಂ, 34 ಮಿ.ಮೀ. ತಾಮ್ರದ ಪಾಲು ಕೊಲಂಬಿಯನ್‌ಗಿಂತ ದುಪ್ಪಟ್ಟಾದ್ದರಿಂದ ಇದರ ಸಹಜ ಬಣ್ಣ ಕಂದಿನತ್ತ ವಾಲುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ದೇವರ ತಟ್ಟೆ ಏರಿದ ನಾಣ್ಯಗಳು ಹಿಂದಿನ ದಿನ ದೀಪ, ಪಂಚಪಾತ್ರೆಗಳೊಂದಿಗೆ ಹುಣಸೆಹಣ್ಣಿಗೋ ವಿಭೂತಿಗೋ ಈಡಾಗಿರುತ್ತವೆ. ಹುಳಿ ಪೊರೆಯನ್ನು ಸಡಿಲಿಸುತ್ತದೆ, ಪುಡಿ ಗೀಚುತ್ತದೆ. ಅಂಥದ್ದನ್ನು ಮಸೂರದಡಿ ಹಿಡಿದರೆ ಗಾಂಧೀಜಿಯ ಕೆನ್ನೆಯ ಮೇಲೆ ಹೆಬ್ಬೆರಳು ಸುತ್ತಿದ ಜಾಡಿನಲ್ಲೇ ವೃತ್ತಾಕಾರದ ಗೀರುಗಳು, ಕಿವಿಯ ಮಡಿಕೆಯಲ್ಲಿ ಒಣಗಿದ ಬಿಳಿ ಪುಡಿ, ಅಕ್ಷರಗಳ ಬುಡದಲ್ಲಿ ಒಂದಿಷ್ಟು ಕುಂಕುಮ.