ನಾಣ್ಯರಕ್ಷಣೆಯೂ ಕನ್ನಡನಾಡಿನ ಇತಿಹಾಸವೂ

ಶಾಸನಗಳಂತೆಯೇ ನಾಣ್ಯಗಳೂ ಕನ್ನಡನಾಡಿನ ಇತಿಹಾಸಕ್ಕೆ ಸಾಕ್ಷಿಗಳು. ಹೊಯ್ಸಳ ವಿಷ್ಣುವರ್ಧನನು 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದು, ತನ್ನ ಹೊನ್ನಿನ ನಾಣ್ಯಗಳ ಮೇಲೆ 'ಶ್ರೀ ತಳಕಾಡುಗೊಂಡ' ಎಂಬ ಬಿರುದನ್ನು ಕನ್ನಡದಲ್ಲಿಯೇ ಅಚ್ಚೊತ್ತಿಸಿದನು. ಚಿನ್ನಕ್ಕೆ ಕಿಲುಬಿನ ಭಯವಿಲ್ಲ. ಆದರೆ ಅದು ಮೃದುವಾದ ಲೋಹ. ಹಲವು ನಾಣ್ಯಗಳನ್ನು ಒಂದೇ ಚೀಲದಲ್ಲಿಟ್ಟರೆ ಒಂದನ್ನೊಂದು ಉಜ್ಜಿ ಅಕ್ಷರಗಳು ಸವೆಯುತ್ತವೆ. ಆಗ ಹೊನ್ನಿನ ಬೆಲೆ ಉಳಿದೀತು, ಸಾಕ್ಷ್ಯವು ಉಳಿಯದು.

ಸೀಸದ ಪ್ರಕೃತಿಯೇ ಬೇರೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಶಾತವಾಹನರ ಕಾಲದ ಸೀಸದ ನಾಣ್ಯಗಳಂಥವನ್ನು ಮರದ ಪೆಟ್ಟಿಗೆಯಲ್ಲಿ ಮುಚ್ಚಿಡಬಾರದು. ಮರದಿಂದ ಹೊರಡುವ ಆಮ್ಲದ ಆವಿ ತಗುಲಿ ಸೀಸವು ಬಿಳಿಯ ಪುಡಿಯಾಗಿ ಉದುರುತ್ತದೆ.

ಮುಂಬಯಿಯಲ್ಲಿ ನೆಲಸಿರುವ ನಮಗೆ ಮತ್ತೊಂದು ತೊಡಕುಂಟು. ಕಡಲಗಾಳಿಯ ತೇವವೂ ಉಪ್ಪೂ ತಾಮ್ರಕ್ಕೆ ಹಗೆಗಳು. ಟಿಪ್ಪುವಿನ ಆನೆಯ ಕಾಸಿನ ಮೇಲೆ ತಿಳಿಹಸುರು ಪುಡಿ ಕಂಡರೆ, ಅದನ್ನು ಉಳಿದವುಗಳಿಂದ ಬೇರ್ಪಡಿಸಿ ಒಣ ಎಡೆಯಲ್ಲಿರಿಸಿ ತಜ್ಞರಿಗೆ ತೋರಿಸತಕ್ಕದ್ದು. ಪಿ.ವಿ.ಸಿ. ಚೀಲಗಳೂ ಕಾಲಕ್ರಮದಲ್ಲಿ ಆಮ್ಲವನ್ನು ಹೊರಸೂಸಿ ತಾಮ್ರವನ್ನು ಕೆಡಿಸುತ್ತವೆ. ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವ ರೂಢಿಯಂತೂ ಸರ್ವಥಾ ಸಲ್ಲದು. ಹೊಳಪಿನೊಡನೆ ಅಕ್ಷರಗಳ ಅಂಚೂ ಅಳಿಯುತ್ತದೆ.

ಮಾಡಬೇಕಾದುದು ಅಲ್ಪವೇ. ಬೆರಳ ಬೆವರು ತಾಗದಂತೆ ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಒಂದೊಂದಕ್ಕೂ ಆಮ್ಲರಹಿತ ಕಾಗದದ ಪ್ರತ್ಯೇಕ ಲಕೋಟೆಯಿರಬೇಕು. ಲಕೋಟೆಯ ಮೇಲೆ ತೂಕವನ್ನೂ ದೊರೆತ ಊರನ್ನೂ, ನಾಣ್ಯವನ್ನು ಒಳಗಿಡುವ ಮೊದಲೇ, ಬರೆದಿಡಬೇಕು. ಊರಿನ ಮನೆಗಳಿಂದ ನಮ್ಮ ಪೆಟ್ಟಿಗೆಗಳಿಗೆ ಬಂದ ನಾಣ್ಯಗಳು ಎಲ್ಲಿ ಸಿಕ್ಕವೆಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಈ ಕಾರ್ಯವಾಗಬೇಕು. ನೆಲೆ ಮರೆತ ನಾಣ್ಯವು ಇತಿಹಾಸಕಾರನ ಪಾಲಿಗೆ ಅರ್ಧ ಮೂಕವೇ ಸರಿ.