ಅಳುವ ಮಗುವಿನ ಪರ ಮಾತನಾಡುವವರು ಯಾರು?

ಮದೀನಾಕ್ಕೆ ಬಂದ ವರ್ತಕರ ತಂಡವೊಂದು ರಾತ್ರಿ ಬೀಡುಬಿಟ್ಟಿತ್ತು. ಅವರ ಸರಕಿಗೆ ಕಳ್ಳರ ಕಾಟವಾಗದಿರಲೆಂದು ದ್ವಿತೀಯ ಖಲೀಫ ಉಮರ್(ರ) ಸ್ವತಃ ಕಾವಲಿಗೆ ನಿಂತಿದ್ದರು. ಜೊತೆಗೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಇದ್ದರು. ಬಿಡಾರವೊಂದರಿಂದ ಮಗುವಿನ ಅಳು ಕೇಳಿಸಿತು. ಉಮರ್(ರ) ಹೋಗಿ ಮಗುವನ್ನು ಸಮಾಧಾನಪಡಿಸುವಂತೆ ತಾಯಿಗೆ ಹೇಳಿ ಬಂದರು. ಅಳು ನಿಲ್ಲಲಿಲ್ಲ. ಮತ್ತೆ ಹೋದರು, ಮತ್ತೆ ಹೇಳಿದರು. ರಾತ್ರಿಯ ಕೊನೆಯ ಜಾವದಲ್ಲೂ ಅದೇ ಅಳು. ಮೂರನೆಯ ಸಲ ಅವರು ಕಾರಣ ಕೇಳಿದರು. ಎದುರಿಗಿರುವವರು ಯಾರೆಂದು ತಿಳಿಯದ ಆ ತಾಯಿ ಬೇಸರದಿಂದಲೇ ಉತ್ತರಿಸಿದಳು: ಮಗುವಿಗೆ ಹಾಲು ಬಿಡಿಸುತ್ತಿದ್ದೇನೆ, ಅದು ಒಪ್ಪುತ್ತಿಲ್ಲ. ಇಷ್ಟು ಬೇಗ ಏಕೆಂದು ಕೇಳಿದಾಗ, ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಖಲೀಫರು ಭತ್ಯೆ ಕೊಡುತ್ತಾರಲ್ಲ ಎಂದಳು.

ಅಂದಿನ ಫಜ್ರ್ ನಮಾಝಿನಲ್ಲಿ ಉಮರ್‌ರ(ರ) ಪಾರಾಯಣವು ಅಳುವಿನಿಂದಾಗಿ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವೆಂದು ಇತಿಹಾಸ ಗ್ರಂಥಗಳು ದಾಖಲಿಸಿವೆ. ತಾವು ಮಾಡಿದ ನಿಯಮವೇ ಮುಸ್ಲಿಮರ ಎಷ್ಟು ಮಕ್ಕಳ ಬಾಯಿಯಿಂದ ಹಾಲು ಕಸಿಯಿತೋ ಎಂಬ ಸಂಕಟ ಅವರದಾಗಿತ್ತು. ನಮಾಝಿನ ಬಳಿಕ ಅವರು ಸಾರುವವನನ್ನು ಕರೆದು, ಹಾಲು ಬಿಡಿಸಲು ಆತುರಪಡಬೇಡಿ, ಇನ್ನು ಹುಟ್ಟಿದ ಪ್ರತಿಯೊಂದು ಮಗುವಿಗೂ ಭತ್ಯೆ ಸಲ್ಲುತ್ತದೆ ಎಂದು ಸಾರಿಸಿದರು. ಆಡಳಿತದ ಎಲ್ಲ ಪ್ರಾಂತಗಳಿಗೂ ಅದೇ ಆಜ್ಞೆಯನ್ನು ಬರೆದು ಕಳುಹಿಸಿದರು.

ಈ ಘಟನೆಯನ್ನು ನಾವು ಉಮರ್‌ರ(ರ) ಕರುಣೆಗೆ ನಿದರ್ಶನವಾಗಿ ಕೇಳುತ್ತಾ ಬಂದಿದ್ದೇವೆ. ಆದರೆ ಇಲ್ಲಿ ಕರುಣೆಯ ಜೊತೆಗೆ ಒಂದು ಕ್ರಮವೂ ಇದೆ. ಮೊದಲು ಅಳುವನ್ನು ಕೇಳಿಸಿಕೊಳ್ಳಲಾಯಿತು. ಆ ಬಳಿಕ ಕಾರಣವನ್ನು ವಿಚಾರಿಸಲಾಯಿತು. ಕೊನೆಗೆ, ಮಗುವಿನ ಹಕ್ಕನ್ನು ನಿಯಮವಾಗಿಸಿ ದೂರದ ಊರುಗಳಿಗೂ ತಿಳಿಸಲಾಯಿತು. ಮೂರನೆಯ ಹೆಜ್ಜೆ ಇಲ್ಲದಿದ್ದರೆ ಒಂದು ಮಗುವಿಗೆ ಮಾತ್ರ ನ್ಯಾಯ ಸಿಗುತ್ತಿತ್ತು.

ಈ ಪಾಠವನ್ನು ಸಹಾಬಿಗಳು ಕಲಿತದ್ದು ಪವಿತ್ರ ಕುರ್‌ಆನ್‌ನಿಂದ. ಜೀವಂತ ಹೂಳಲ್ಪಟ್ಟ ಹೆಣ್ಣು ಶಿಶುವನ್ನೇ ಅಂತ್ಯದಿನದಂದು ವಿಚಾರಿಸಲಾಗುವುದು, ಅವಳನ್ನು ಯಾವ ಅಪರಾಧಕ್ಕಾಗಿ ಕೊಲ್ಲಲಾಯಿತೆಂದು ಕೇಳಲಾಗುವುದು ಎಂದು ಸೂರಃ ಅತ್ತಕ್ವೀರ್ ಎಚ್ಚರಿಸುತ್ತದೆ. ಅಜ್ಞಾನ ಕಾಲದ ಅರೇಬಿಯಾದಲ್ಲಿ ಆ ಮಗುವಿಗೆ ಬಾಯಿ ಇರಲಿಲ್ಲ. ಅವಳ ಪರ ಮಾತನಾಡುವವರೂ ಇರಲಿಲ್ಲ. ಮರಳಿನಡಿ ಮುಚ್ಚಿಹೋದ ವಿಷಯವನ್ನು ದಿವ್ಯವಾಣಿಯು ಎಲ್ಲರೂ ಕೇಳುವಂತೆ ಬಹಿರಂಗಪಡಿಸಿತು. ಅನಾಥರ ಸೊತ್ತನ್ನು ಅನ್ಯಾಯವಾಗಿ ಕಬಳಿಸುವವರು ತಮ್ಮ ಹೊಟ್ಟೆಗೆ ಬೆಂಕಿಯನ್ನೇ ತುಂಬುತ್ತಿದ್ದಾರೆಂದು ಸೂರಃ ಅನ್ನಿಸಾ ಹೇಳಿತು. ಸ್ವತಃ ಅನಾಥರಾಗಿ ಬೆಳೆದ ಪ್ರವಾದಿ ಮುಹಮ್ಮದ್‌ರು(ಸ) ಅನಾಥನ ಪೋಷಕನು ಸ್ವರ್ಗದಲ್ಲಿ ತಮಗೆಷ್ಟು ಸಮೀಪವಿರುವನೆಂಬುದನ್ನು ಎರಡು ಬೆರಳುಗಳನ್ನು ಎತ್ತಿ ತೋರಿಸಿದರು.

ಕೇಳಿಸಿಕೊಳ್ಳುವುದು, ವಿಚಾರಿಸುವುದು, ಸಾರುವುದು ಎಂಬ ಇದೇ ದಾರಿಯಲ್ಲಿ ಆಧುನಿಕ ಜಗತ್ತು ಮಕ್ಕಳ ಹಕ್ಕುಗಳನ್ನು ಗುರುತಿಸಿದ ಕಥೆಯನ್ನೂ ನಾವು ತಿಳಿದಿರಬೇಕು. ಅದು ಒಂದನೆಯ ಮಹಾಯುದ್ಧದ ಬೂದಿಯಿಂದ ಎದ್ದ ಕಥೆ.

1918ರ ನವೆಂಬರಿನಲ್ಲಿ ಯುದ್ಧ ನಿಂತಿತು. ಆದರೆ ಜರ್ಮನಿ ಮತ್ತು ಆಸ್ಟ್ರಿಯಾಗಳ ಮೇಲೆ ಮಿತ್ರರಾಷ್ಟ್ರಗಳು ಹೇರಿದ್ದ ದಿಗ್ಬಂಧನ ನಿಲ್ಲಲಿಲ್ಲ. ಆಹಾರವಿಲ್ಲದೆ ಮಕ್ಕಳು ಸೊರಗಿದರು. ಬ್ರಿಟನ್ನಿನ ಜನರಿಗೆ ಇದು ಅಷ್ಟಾಗಿ ಗೊತ್ತಿರಲಿಲ್ಲ. ಶತ್ರು ದೇಶದ ಸುದ್ದಿ ಅವರ ಮನೆಗಳನ್ನು ತಲಪುತ್ತಿರಲಿಲ್ಲ. ಡೊರೊತಿ ಬಕ್ಸ್‌ಟನ್ ಎಂಬ ಮಹಿಳೆ ಯುದ್ಧಕಾಲದಲ್ಲೇ ವಿದೇಶಿ ಪತ್ರಿಕೆಗಳ ಬರಹಗಳನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸುವ ಕೆಲಸಕ್ಕೆ ಕೈಹಾಕಿದ್ದರು. ಅವರ ಅಕ್ಕ ಎಗ್ಲಾಂಟೈನ್ ಜೆಬ್ ಆ ಕೆಲಸದಲ್ಲಿ ನೆರವಾದರು. 1919ರ ವಸಂತದಲ್ಲಿ ಜೆಬ್ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಸಿದ ಮಗುವಿನ ಚಿತ್ರವಿದ್ದ ಕರಪತ್ರಗಳನ್ನು ಹಂಚಿದರು. ಸೆನ್ಸಾರ್ ಅನುಮತಿ ಪಡೆಯಲಿಲ್ಲವೆಂದು ಅವರನ್ನು ಬಂಧಿಸಿ, ನ್ಯಾಯಾಲಯದಲ್ಲಿ 5 ಪೌಂಡ್ ದಂಡ ವಿಧಿಸಲಾಯಿತು. ಅವರ ವಿರುದ್ಧ ವಾದಿಸಿದ ಸರಕಾರಿ ವಕೀಲರೇ ಆ ದಂಡದ ಮೊತ್ತವನ್ನು ತಮ್ಮ ಜೇಬಿನಿಂದ ಅವರಿಗೆ ಕೊಟ್ಟರು! ಅದೇ ವರ್ಷದ ಮೇ 19ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಸಾರ್ವಜನಿಕ ಸಭೆಯಲ್ಲಿ 'ಸೇವ್ ದಿ ಚಿಲ್ಡ್ರನ್' ನಿಧಿ ಜನ್ಮತಾಳಿತು.

ಶತ್ರುವಿನ ಮಗುವಿಗಾಗಿ ಮಾತನಾಡುವುದು ಸುಲಭವಲ್ಲ. ಯುದ್ಧದಲ್ಲಿ ಮಕ್ಕಳನ್ನು ಕೊಲ್ಲಬಾರದೆಂದು ಪ್ರವಾದಿವರ್ಯರು(ಸ) ವಿಧಿಸಿದ್ದಾಗ ಆ ಮಕ್ಕಳು ಯಾರವರಾಗಿದ್ದರು? ಎದುರಾಳಿಗಳವರೇ ಅಲ್ಲವೇ? ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಚಲಿತಗೊಳಿಸಬಾರದೆಂಬ ಸೂರಃ ಅಲ್ ಮಾಇದಃದ ಆದೇಶಕ್ಕೂ ಇದೇ ಅರ್ಥ.

ಒಂದು ಹೊತ್ತಿನ ಊಟದಿಂದ ಸಮಸ್ಯೆ ತೀರದೆಂಬುದು ಜೆಬ್‌ರಿಗೆ ಬೇಗನೆ ಮನವರಿಕೆಯಾಯಿತು. ದಾನಿಯ ಮನಸ್ಸು ಬದಲಾದರೆ ಮಗುವಿನ ತಟ್ಟೆ ಬರಿದಾಗುತ್ತದೆ. ಹಕ್ಕಾದರೆ ಹಾಗಾಗದು. ಆದ್ದರಿಂದ ಅವರು ಐದು ಅಂಶಗಳ ಒಂದು ಘೋಷಣೆಯನ್ನು ರೂಪಿಸಿದರು. ಹಸಿದ ಮಗುವಿಗೆ ಅನ್ನ, ರೋಗಿ ಮಗುವಿಗೆ ಶುಶ್ರೂಷೆ, ಅನಾಥ ಮಗುವಿಗೆ ಆಸರೆ, ಆಪತ್ತಿನಲ್ಲಿ ಮೊದಲ ನೆರವು ಮಗುವಿಗೆ, ಶೋಷಣೆಯಿಂದ ರಕ್ಷಣೆ ಎಂಬಿವು ಅದರಲ್ಲಿದ್ದವು. 1924ರಲ್ಲಿ ರಾಷ್ಟ್ರಸಂಘವು ಅದನ್ನು ಅಂಗೀಕರಿಸಿತು. 1959ರ ನವೆಂಬರ್ 20ರಂದು ವಿಶ್ವಸಂಸ್ಥೆಯು ಹೆಚ್ಚು ವಿಸ್ತಾರವಾದ ಘೋಷಣೆಯನ್ನು ಹೊರಡಿಸಿತು. ಮೂವತ್ತು ವರ್ಷಗಳ ಬಳಿಕ, 1989ರ ಅದೇ ದಿನಾಂಕದಂದು, 54 ವಿಧಿಗಳ ಮಕ್ಕಳ ಹಕ್ಕುಗಳ ಒಡಂಬಡಿಕೆ ಅಂಗೀಕಾರವಾಯಿತು. ಭಾರತವು 1992ರ ಡಿಸೆಂಬರಿನಲ್ಲಿ ಅದಕ್ಕೆ ಸೇರಿತು. ಇಂದು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳ ಪೈಕಿ ಅದನ್ನು ಸ್ಥಿರೀಕರಿಸದೆ ಉಳಿದಿರುವುದು ಅಮೆರಿಕ ಮಾತ್ರ.

ಆ ಒಡಂಬಡಿಕೆಯ 20ನೆಯ ವಿಧಿಯನ್ನು ಮುಸ್ಲಿಮರಾದ ನಾವು ವಿಶೇಷವಾಗಿ ಗಮನಿಸಬೇಕು. ಮನೆಯ ಆಸರೆ ತಪ್ಪಿದ ಮಕ್ಕಳಿಗೆ ಒದಗಿಸಬೇಕಾದ ಪೋಷಣೆಯ ಬಗೆಗಳನ್ನು ಹೆಸರಿಸುವಾಗ ಅಲ್ಲಿ ಇಸ್ಲಾಮೀ ಶಾಸನದ 'ಕಫಾಲಾ' ಎಂಬ ಪದವೇ ಬಂದಿದೆ. ಮಗುವಿನ ವಂಶದ ಗುರುತನ್ನು ಅಳಿಸದೆ, ಅದರ ತಂದೆಯ ಹೆಸರನ್ನು ಉಳಿಸಿಕೊಂಡೇ ಅದನ್ನು ಸಾಕಿ ಸಲಹುವ ಹೊಣೆಯೇ ಕಫಾಲಾ. ಕರಡು ಸಿದ್ಧವಾಗುತ್ತಿದ್ದಾಗ ಮುಸ್ಲಿಮ್ ರಾಷ್ಟ್ರಗಳ ಪ್ರತಿನಿಧಿಗಳು ಈ ವ್ಯವಸ್ಥೆಯನ್ನು ಸಭೆಯ ಮುಂದಿಟ್ಟು ವಾದಿಸಿದರು. ತಿಳಿಸಿದ್ದರಿಂದಲೇ ಜಗತ್ತು ತಿಳಿಯಿತು. ಮೌನವಾಗಿದ್ದಿದ್ದರೆ ಆ ಪದ ಅಲ್ಲಿರುತ್ತಿರಲಿಲ್ಲ.

ಇನ್ನೊಂದು ವಿಧಿ 42ನೆಯದು. ಈ ಹಕ್ಕುಗಳನ್ನು ದೊಡ್ಡವರಿಗೂ ಮಕ್ಕಳಿಗೂ ವ್ಯಾಪಕವಾಗಿ ತಿಳಿಸುವುದು ಸರಕಾರದ ಕರ್ತವ್ಯವೆಂದು ಅದು ಹೇಳುತ್ತದೆ. ಏಕೆಂದರೆ ತಿಳಿಯದ ಹಕ್ಕು ಕಪಾಟಿನಲ್ಲಿ ಬೀಗ ಹಾಕಿಟ್ಟ ಔಷಧದಂತೆ. ರೋಗಿಗೆ ಅದರಿಂದ ಗುಣವಾಗದು.

ನಮ್ಮ ಮೊಹಲ್ಲಾಗಳ ಸ್ಥಿತಿ ಹೇಗಿದೆ? 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಪಡೆಯುವ ಹಕ್ಕು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೂ ಗ್ಯಾರೇಜಿನಲ್ಲಿ, ಗುಜರಿ ಅಂಗಡಿಯಲ್ಲಿ, ಬೀಡಿಯ ಮೊರದ ಮುಂದೆ ಬಾಲ್ಯ ಸವೆಸುವ ಮಕ್ಕಳನ್ನು ನಾವು ಕಂಡೂ ಕಾಣದಂತೆ ಹಾದುಹೋಗುತ್ತೇವೆ. ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು ಎಂದು ಕರ್ನಾಟಕವು ಕಾನೂನಿಗೆ ತಿದ್ದುಪಡಿ ತಂದಿದೆ. ಆದರೂ ಓದು ನಿಲ್ಲಿಸಿ ಮದುವೆಗೆ ದಿನ ಗೊತ್ತುಮಾಡಲಾದ ಬಾಲಕಿಗೆ, 1098ಕ್ಕೆ ಕರೆ ಮಾಡಿದರೆ ನೆರವು ಸಿಗುವುದೆಂದು ಯಾರು ತಿಳಿಸಿದ್ದಾರೆ? ಜನನ ಪ್ರಮಾಣಪತ್ರವಿಲ್ಲದ ಮಗುವಿನ ತಾಯಿಗೆ ಯಾವ ಕಚೇರಿಗೆ ಹೋಗಬೇಕೆಂದು ಯಾರು ಹೇಳಿದ್ದಾರೆ?

ಗಾಝಾದ ಮಕ್ಕಳಿಗಾಗಿ ನಮ್ಮ ಕಣ್ಣು ತೇವವಾಗುತ್ತದೆ. ಆಗಲೇಬೇಕು. ಆ ಮಕ್ಕಳ ಪರ ದನಿಯೆತ್ತುವುದು ನಮ್ಮ ಬಾಧ್ಯತೆಯೂ ಹೌದು. ಆದರೆ ದೂರದ ಮಗುವಿಗಾಗಿ ಮಿಡಿಯುವ ಹೃದಯವು ಪಕ್ಕದ ಓಣಿಯ ಮಗುವಿನ ಅಳುವಿಗೆ, ಆ ಮಗು ಯಾವ ಧರ್ಮದ್ದೇ ಆಗಿರಲಿ, ಕಿವುಡಾಗಬಾರದು. ಅನಾಥನನ್ನು ದೂರ ತಳ್ಳುವವನನ್ನು ಧರ್ಮವನ್ನೇ ನಿರಾಕರಿಸುವವನೆಂದು ಸೂರಃ ಅಲ್ ಮಾಊನ್ ಬಣ್ಣಿಸಿದೆ.

ಸಾರುವ ವೇದಿಕೆಗೆ ನಮ್ಮಲ್ಲಿ ಕೊರತೆಯಿಲ್ಲ. ಪ್ರತಿ ಶುಕ್ರವಾರ ಮಿಂಬರಿನ ಮುಂದೆ ಊರಿನ ಹಿರಿಯರೂ ಕಿರಿಯರೂ ಮೌನವಾಗಿ ಕುಳಿತು ಕೇಳುತ್ತಾರೆ. ಮದ್ರಸಗಳಿವೆ, ಮಹಿಳೆಯರ ಸಭೆಗಳಿವೆ. ವರ್ಷಕ್ಕೆ ಕೆಲವು ಖುತ್ಬಾಗಳು ಮಕ್ಕಳ ಹಕ್ಕುಗಳಿಗೆ ಮೀಸಲಾಗಲಿ. ಶಾಲೆ ಬಿಟ್ಟ ಮಕ್ಕಳ ಪಟ್ಟಿಯೊಂದು ಜಮಾಅತ್‌ನ ಬಳಿ ಇರಲಿ. ನಿಕಾಹ್‌ಗೆ ಮುನ್ನ ವಧುವಿನ ವಯಸ್ಸಿನ ದಾಖಲೆ ಕೇಳುವ ಧೈರ್ಯ ನಮ್ಮ ಜವಾಬ್ದಾರರಿಗೆ ಬರಲಿ.

ಉಮರ್(ರ) ಎರಡು ಸಲ ತಾಯಿಗೆ ಬುದ್ಧಿ ಹೇಳಿ ಮರಳಿದ್ದರು. ಅಳು ನಿಂತಿರಲಿಲ್ಲ. ಮೂರನೆಯ ಸಲ ಕಾರಣ ಕೇಳಿದಾಗ ತಪ್ಪು ತಮ್ಮದೇ ನಿಯಮದಲ್ಲಿದೆಯೆಂದು ತಿಳಿಯಿತು. ತಾಯಂದಿರಿಗೂ ಮಕ್ಕಳಿಗೂ ಬುದ್ಧಿ ಹೇಳುವುದರಲ್ಲೇ ಕಾಲ ಕಳೆದ ನಮಗೆ ಆ ಮೂರನೆಯ ಪ್ರಶ್ನೆಯನ್ನು ಕೇಳುವ ವಿನಯವನ್ನೂ, ಉತ್ತರ ನಮ್ಮ ವಿರುದ್ಧವೇ ಬಂದಾಗ ತಿದ್ದಿಕೊಳ್ಳುವ ಶಕ್ತಿಯನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.